ಬಿಸಿಲಿಗೊಂದು ತಕ್ಕಡಿ

2003ರ ಜನವರಿಯಲ್ಲಿ ಅಮೆರಿಕದ ‘ಸೋರ್ಸ್’ ಉಪಗ್ರಹ ಕಕ್ಷೆ ಸೇರಿತು. ಅದರಲ್ಲಿದ್ದ ‘ಟಿಮ್’ ಎಂಬ ಉಪಕರಣಕ್ಕೆ ವಹಿಸಿದ್ದು ಒಂದೇ ಕೆಲಸ. ವಾತಾವರಣದ ಆಚೆ, ಸೂರ್ಯನಿಗೆ ನೇರ ಎದುರಾಗಿ ಹಿಡಿದ ಒಂದು ಚದರ ಮೀಟರ್ ಜಾಗದ ಮೇಲೆ ಎಷ್ಟು ಶಕ್ತಿ ಬಂದು ಬೀಳುತ್ತದೆ ಎಂದು ಅದು ಅಳೆಯಬೇಕಿತ್ತು. ಇದೇನೂ ಹೊಸ ಕೆಲಸವಲ್ಲ. 1978ರ ನಿಂಬಸ್-7ರಿಂದ ಮೊದಲುಗೊಂಡು ಹಲವು ಉಪಗ್ರಹಗಳು ಅದನ್ನೇ ಮಾಡುತ್ತ ಬಂದಿದ್ದವು. ಆ ಹೊತ್ತಿಗೆ ವಿಜ್ಞಾನಿಗಳು ಒಪ್ಪಿಕೊಂಡಿದ್ದ ಸಂಖ್ಯೆ 1,365 ವಾಟ್‌ನ ಆಸುಪಾಸಿನದು. ಟಿಮ್ ಕೊಟ್ಟ ಸಂಖ್ಯೆ 1,361ರ ಹತ್ತಿರವಿತ್ತು.

ನಾಲ್ಕು ವಾಟ್ ಎಂದರೆ ಶೇಕಡಾ 0.3ರಷ್ಟು ವ್ಯತ್ಯಾಸ. ಕೇಳಲು ಚಿಕ್ಕದು. ಆದರೆ ಸೂರ್ಯನ ಕಲೆಗಳು ಏರಿ ಇಳಿಯುವ ಸುಮಾರು 11 ವರ್ಷಗಳ ಚಕ್ರದಲ್ಲಿ ಸೂರ್ಯನ ಹೊಳಪು ಬದಲಾಗುವುದೇ ಶೇಕಡಾ 0.1ರಷ್ಟು. ಉಪಕರಣಗಳ ನಡುವಿನ ಜಗಳ ಸೂರ್ಯನ ಏರಿಳಿತದ ಮೂರು ಪಟ್ಟು ಇದ್ದರೆ, ಆ ಏರಿಳಿತದ ಬಗ್ಗೆ, ಭೂಮಿಯ ಬಿಸಿಯಲ್ಲಿ ಅದರ ಪಾಲಿನ ಬಗ್ಗೆ ಯಾರು ಏನು ಹೇಳಿದರೂ ನಂಬುವುದು ಹೇಗೆ? ಸೂರ್ಯ ಬದಲಾಗಿರಲಿಲ್ಲ. ಎಡವಟ್ಟು ಯಾವುದೋ ಉಪಕರಣದಲ್ಲಿತ್ತು. ಅದು ಎಲ್ಲಿದೆ ಎಂದು ಹಿಡಿದು, ಬರೆದು ಪ್ರಕಟಿಸುವ ಹೊತ್ತಿಗೆ 2011 ಬಂದಿತ್ತು.

ವಿಕಿರಣ ಶಕ್ತಿಯ ಅಳತೆಗೆ ಎರಡು ಶತಮಾನಗಳ ಚರಿತ್ರೆಯಿದೆ. ಇಲ್ಲಿ ಮಾತು ಅಣುಸ್ಥಾವರದ ವಿಕಿರಣದ್ದಲ್ಲ. ಬಿಸಿಲು, ದೀಪ, ಕುಲುಮೆ, ಮನುಷ್ಯನ ಮೈ, ದೂರದ ನಕ್ಷತ್ರ ಇವೆಲ್ಲದರಿಂದ ಅಲೆಯಾಗಿ ಹೊರಟು ಬರುವ ಶಕ್ತಿಯದ್ದು. ಆ ಚರಿತ್ರೆಯುದ್ದಕ್ಕೂ ಇಂಥ ಪ್ರಸಂಗಗಳು ಎದುರಾಗುತ್ತವೆ. ಸೂಕ್ಷ್ಮವಾದ ಉಪಕರಣ ಕಟ್ಟುವುದು ಒಂದು ಜಾಣ್ಮೆ. ಅದು ತೋರಿಸುವ ಅಂಕಿ ನಿಜವೇ ಎಂದು ಖಾತರಿ ಮಾಡಿಕೊಳ್ಳುವುದು ಬೇರೆಯದೇ ಜಾಣ್ಮೆ, ಮತ್ತು ಹೆಚ್ಚು ಕಷ್ಟದ್ದು. ಮೊದಲನೆಯದಕ್ಕೆ ಸಿಕ್ಕಷ್ಟು ಹೆಸರು ಎರಡನೆಯದಕ್ಕೆ ಸಿಕ್ಕಿಲ್ಲ.

ಉಪಕರಣಗಳ ಹೆಸರುಗಳು ಹಲವಾದರೂ ಮೂಲ ಉಪಾಯಗಳು ಮುಖ್ಯವಾಗಿ ಎರಡು. ಒಂದು, ಕಪ್ಪು ಬಳಿದ ಮೇಲ್ಮೈಯ ಮೇಲೆ ವಿಕಿರಣವನ್ನು ಬೀಳಿಸಿ, ಅದು ಎಷ್ಟು ಬಿಸಿಯಾಯಿತು ಎಂದು ನೋಡುವುದು. ಉಷ್ಣಮಾಪಕ, ಥರ್ಮೋಪೈಲ್, ಬೋಲೋಮೀಟರ್ ಎಲ್ಲವೂ ಈ ಮನೆತನದವು. ಇವು ಬಣ್ಣಭೇದ ಮಾಡುವುದಿಲ್ಲ. ನೇರಳೆಯಾಚೆಯಿಂದ ಕೆಂಪಿನಾಚೆಯವರೆಗೆ ಬಂದದ್ದನ್ನೆಲ್ಲ ಒಂದೇ ಸಮನಾಗಿ ನುಂಗುತ್ತವೆ, ಆದರೆ ನಿಧಾನ. ಇನ್ನೊಂದು, ಬೆಳಕಿನ ಕಣವೊಂದು ಎಲೆಕ್ಟ್ರಾನನ್ನು ಎಬ್ಬಿಸುವಂತೆ ಮಾಡಿ ಆ ವಿದ್ಯುತ್ತನ್ನು ಅಳೆಯುವುದು. ಸಿಲಿಕಾನ್ ಫೋಟೋಡಯೋಡು, ಮೊಬೈಲಿನ ಕ್ಯಾಮೆರಾ ಈ ಬಗೆಯವು. ಇವು ಚುರುಕು, ಅಗ್ಗ. ಆದರೆ ಕೆಲವು ಬಣ್ಣಗಳಿಗಷ್ಟೇ ಓಗೊಡುತ್ತವೆ.

ಮೊದಲ ಉಪಕರಣ ಬರೀ ಪಾದರಸದ ಉಷ್ಣಮಾಪಕ. 1800ರಲ್ಲಿ ಇಂಗ್ಲೆಂಡಿನ ಸ್ಲೌನಲ್ಲಿ ವಿಲಿಯಂ ಹರ್ಷೆಲ್ ದೂರದರ್ಶಕದಲ್ಲಿ ಸೂರ್ಯನನ್ನು ನೋಡಲು ಬಣ್ಣದ ಗಾಜುಗಳನ್ನು ಪರೀಕ್ಷಿಸುತ್ತಿದ್ದರು. ಕೆಲವು ಗಾಜುಗಳಲ್ಲಿ ಬೆಳಕು ಕಡಿಮೆ ಇದ್ದರೂ ಕಣ್ಣಿಗೆ ಬಿಸಿ ತಾಗುತ್ತಿತ್ತು. ಹಾಗಾದರೆ ಯಾವ ಬಣ್ಣ ಎಷ್ಟು ಬಿಸಿ ತರುತ್ತದೆ? ಅಶ್ರಗದಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ, ಬುರುಡೆಗೆ ಕಪ್ಪು ಬಳಿದ ಉಷ್ಣಮಾಪಕವನ್ನು ಒಂದೊಂದು ಬಣ್ಣದಲ್ಲೂ ಇಟ್ಟರು. ಪಕ್ಕದಲ್ಲಿ, ಬಣ್ಣದ ಪಟ್ಟಿ ತಾಗದ ಹಾಗೆ, ಇನ್ನೆರಡು ಉಷ್ಣಮಾಪಕಗಳಿದ್ದವು. ಕೋಣೆಯೇ ಬಿಸಿಯಾದರೆ ಅವು ಹೇಳುತ್ತಿದ್ದವು. ಕೆಂಪು ಮುಗಿದು ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಪಾದರಸ ಎಲ್ಲಕ್ಕಿಂತ ಮೇಲೇರಿತು. ಅವಕೆಂಪು ಕಿರಣ ಸಿಕ್ಕಿದ್ದು ಹೀಗೆ. ಈ ಕತೆ ಶಾಲೆಯ ಮಕ್ಕಳಿಗೂ ಗೊತ್ತು. ಪಕ್ಕದಲ್ಲಿದ್ದ ಆ ಎರಡು ಉಷ್ಣಮಾಪಕಗಳ ಕತೆಯನ್ನೂ ಅಷ್ಟೇ ಒತ್ತುಕೊಟ್ಟು ಹೇಳಬೇಕು. ಅವು ಇಲ್ಲದಿದ್ದರೆ ಹರ್ಷೆಲರ ಮಾತಿಗೆ ಬೆಲೆಯಿರುತ್ತಿರಲಿಲ್ಲ.

ಎರಡು ಬೇರೆ ಲೋಹಗಳ ಬೆಸುಗೆಯನ್ನು ಬಿಸಿ ಮಾಡಿದರೆ ವಿದ್ಯುತ್ತು ಹರಿಯುತ್ತದೆ ಎಂದು 1821ರಲ್ಲಿ ಜೀಬೆಕ್ ಕಂಡುಕೊಂಡರು. ಇಟಲಿಯ ನೋಬಿಲಿ ಮತ್ತು ಮೆಲ್ಲೋನಿ ಅಂಥ ಹಲವಾರು ಬೆಸುಗೆಗಳನ್ನು ಸಾಲಾಗಿ ಜೋಡಿಸಿ ಥರ್ಮೋಪೈಲ್ ಮಾಡಿದರು. ಉಷ್ಣಮಾಪಕಕ್ಕೆ ನಿಲುಕದ ಬಿಸಿ ಈಗ ಸೂಜಿಯ ಅಲುಗಾಟವಾಗಿ ಕಾಣತೊಡಗಿತು. 1846ರಲ್ಲಿ ಮೆಲ್ಲೋನಿ ದೊಡ್ಡ ಮಸೂರವೊಂದರಿಂದ ಬೆಳದಿಂಗಳನ್ನು ಕೂಡಿಸಿ ಚಂದ್ರನ ಬಿಸಿಯನ್ನೂ ಪತ್ತೆ ಮಾಡಿದರು.

ಆ ಥರ್ಮೋಪೈಲನ್ನು ಅತ್ಯಂತ ಜಾಣತನದಿಂದ ಬಳಸಿದ್ದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಜಾನ್ ಟಿಂಡಲ್. ಗಾಳಿಯಲ್ಲಿರುವ ಅನಿಲಗಳು ಕಾಣದ ಶಾಖವನ್ನು ಹೀರುತ್ತವೆಯೇ ಎಂಬುದು 1859ರಲ್ಲಿ ಅವರ ಮುಂದಿದ್ದ ಪ್ರಶ್ನೆ. ಹಿತ್ತಾಳೆಯ ಉದ್ದ ಕೊಳವೆಯ ಒಂದು ತುದಿಯಲ್ಲಿ ಕುದಿನೀರಿನ ಡಬ್ಬಿ, ಇನ್ನೊಂದು ತುದಿಯಲ್ಲಿ ಥರ್ಮೋಪೈಲ್. ಕೊಳವೆಯ ಬಾಯಿಗೆ ಗಾಜು ಹಾಕುವಂತಿರಲಿಲ್ಲ, ಗಾಜೇ ಆ ಶಾಖವನ್ನು ತಡೆಯುತ್ತದೆ; ಅದಕ್ಕೆ ಕಲ್ಲುಪ್ಪಿನ ಬಿಲ್ಲೆ ಹಾಕಿದರು. ಮುಖ್ಯವಾದದ್ದು ಮುಂದಿನ ಹೆಜ್ಜೆ. ಥರ್ಮೋಪೈಲಿನ ಬೆನ್ನ ಕಡೆಗೂ ಇನ್ನೊಂದು ಶಾಖದ ಮೂಲವನ್ನಿಟ್ಟು, ಎರಡೂ ಸಮವಾಗಿ ಸೂಜಿ ಸೊನ್ನೆಯಲ್ಲಿ ನಿಲ್ಲುವ ಹಾಗೆ ಹೊಂದಿಸಿದರು. ಆಮೇಲೆ ಕೊಳವೆಯೊಳಗೆ ಅನಿಲ ಬಿಟ್ಟರು. ಆಮ್ಲಜನಕ, ಸಾರಜನಕಕ್ಕೆ ಸೂಜಿ ಹೆಚ್ಚುಕಡಿಮೆ ಅಲುಗಲಿಲ್ಲ. ನೀರಾವಿಗೆ, ಇಂಗಾಲದ ಡೈಆಕ್ಸೈಡಿಗೆ ಅಲುಗಿತು. ಇಂದಿನ ಹವಾಮಾನ ವಿಜ್ಞಾನಕ್ಕೆ ಪ್ರಯೋಗಾಲಯದ ಆಧಾರ ಸಿಕ್ಕಿದ್ದು ಸೂಜಿಯ ಆ ಅಲುಗಾಟದಿಂದ.

ಇನ್ನು ಸೂರ್ಯ. ಸೂರ್ಯನ ಶಕ್ತಿಯನ್ನು ಅಂಕಿಯಲ್ಲಿ ಹೇಳಲು ಹೊರಟವರಲ್ಲಿ ಫ್ರಾನ್ಸಿನ ಕ್ಲಾಡ್ ಪೂಯೆ ಮುಖ್ಯರು. 1830ರ ದಶಕದ ಕೊನೆಗೆ ಅವರು ಬಳಸಿದ ಪೈರ್‌ಹೀಲಿಯೋಮೀಟರ್ ತೀರಾ ಸರಳ. ಬೆಳ್ಳಿಯ ಚಪ್ಪಟೆ ಡಬ್ಬಿ, ಅದರೊಳಗೆ ಸುಮಾರು 100 ಗ್ರಾಂ ನೀರು, ಬಿಸಿಲಿಗೆ ಒಡ್ಡುವ ಮುಖಕ್ಕೆ ದೀಪದ ಮಸಿ, ನೀರಿಗೆ ಅದ್ದಿದ ಉಷ್ಣಮಾಪಕ. ಡಬ್ಬಿಯ ನೆರಳು ಹಿಂದಿನ ತಟ್ಟೆಯ ಮೇಲೆ ಸರಿಯಾಗಿ ಕೂತರೆ ಅದು ಸೂರ್ಯನಿಗೆ ನೇರವಾಗಿದೆ ಎಂದರ್ಥ. ಐದು ನಿಮಿಷ ಬಿಸಿಲಿಗೆ, ಐದು ನಿಮಿಷ ನೆರಳಿಗೆ. ನೀರು ಎಷ್ಟು ಕಾಯಿತು, ಎಷ್ಟು ಆರಿತು ಎಂಬ ಲೆಕ್ಕ. ವಾತಾವರಣ ನುಂಗಿದ್ದನ್ನೂ ಅಂದಾಜು ಮಾಡಿ ಸೇರಿಸಿ ಅವರು ಹೇಳಿದ ಮೌಲ್ಯ ಇಂದಿನ ಲೆಕ್ಕದಲ್ಲಿ ಸುಮಾರು 1,230 ವಾಟ್. ನಿಜಕ್ಕಿಂತ ಶೇಕಡಾ 10ರಷ್ಟು ಕಡಿಮೆ, ಅಷ್ಟೇ.

ನಾಲ್ಕು ದಶಕಗಳ ನಂತರ ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಬೋಲೋಮೀಟರ್ ಕಟ್ಟಿದರು. ಕೂದಲಿಗಿಂತ ತೆಳುವಾದ ಎರಡು ಪ್ಲಾಟಿನಂ ಪಟ್ಟಿಗಳು. ಒಂದರ ಮೇಲೆ ಕಿರಣ ಬೀಳುತ್ತದೆ, ಇನ್ನೊಂದು ಮರೆಯಲ್ಲಿರುತ್ತದೆ. ಬಿಸಿಯಾದ ಲೋಹದ ವಿದ್ಯುತ್ ರೋಧ ಹೆಚ್ಚುತ್ತದೆ. ಎರಡು ಪಟ್ಟಿಗಳ ರೋಧಗಳ ಅಂತರವನ್ನು ವೀಟ್‌ಸ್ಟನ್ ಸೇತುವೆಯಿಂದ ಅಳೆದರೆ ಡಿಗ್ರಿಯ ಲಕ್ಷದ ಒಂದು ಪಾಲಿನಷ್ಟು ಬಿಸಿಯೂ ತಿಳಿಯುತ್ತಿತ್ತು. ಪಿಟ್ಸ್‌ಬರ್ಗಿನ ಹೊಗೆಯಿಂದ ತಪ್ಪಿಸಿಕೊಂಡು 1881ರಲ್ಲಿ ಲ್ಯಾಂಗ್ಲಿ ಈ ನಾಜೂಕು ಸಾಮಾನನ್ನು ಕ್ಯಾಲಿಫೋರ್ನಿಯಾದ ಮೌಂಟ್ ವಿಟ್ನಿಗೆ ಹೊತ್ತೊಯ್ದರು. ಹೇಸರಗತ್ತೆಗಳ ಬೆನ್ನ ಮೇಲೆ ಪೆಟ್ಟಿಗೆಗಳು ಏರಿದವು. ತಪ್ಪಲಿನ ಲೋನ್ ಪೈನ್ ಊರಿನಲ್ಲಿ ಒಂದು ಅಳತೆ, ಪರ್ವತದ ಮೇಲಿನ ಶಿಬಿರದಲ್ಲಿ ಇನ್ನೊಂದು. ಎರಡರ ನಡುವಿನ ವ್ಯತ್ಯಾಸದಿಂದ ವಾತಾವರಣದ ಪಾಲನ್ನು ತಿಳಿಯುವ ಯೋಜನೆ ಅದು. ಯೋಜನೆ ಸರಿಯಾಗಿತ್ತು, ಸಾಹಸ ದೊಡ್ಡದಿತ್ತು. ಕೊನೆಗೆ ಬಂದ ಉತ್ತರ ಮಾತ್ರ ಸುಮಾರು 2,100 ವಾಟ್, ನಿಜದ ಒಂದೂವರೆ ಪಟ್ಟು! ಬೋಲೋಮೀಟರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ವಾತಾವರಣದ ಪಾಲನ್ನು ಕೂಡಿಸುವಾಗ ಲ್ಯಾಂಗ್ಲಿ ಹಿಡಿದ ಲೆಕ್ಕದ ದಾರಿ ತಪ್ಪಿತ್ತು. ನಾಲ್ಕು ದಶಕ ಹಿಂದಿನ ನೀರಿನ ಡಬ್ಬಿ ಆ ಕಾಲದ ಅತಿ ಸೂಕ್ಷ್ಮ ಉಪಕರಣಕ್ಕಿಂತ ನಿಜಕ್ಕೆ ಹತ್ತಿರವಿತ್ತು.

ಹಾಗೆಂದು ಬೋಲೋಮೀಟರ್ ಸೋಲಲಿಲ್ಲ. ಚಂದ್ರನಿಂದ ಬರುವ ಶಾಖವನ್ನು ಲ್ಯಾಂಗ್ಲಿ ಅಳೆದಿಟ್ಟಿದ್ದ ಕೋಷ್ಟಕಗಳನ್ನೇ ಬಳಸಿ 1896ರಲ್ಲಿ ಸ್ವೀಡನ್ನಿನ ಅರೇನಿಯಸ್, ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ ಎಷ್ಟು ಕಾಯುತ್ತದೆ ಎಂಬ ಮೊದಲ ಲೆಕ್ಕ ಹಾಕಿದರು. ಬರ್ಲಿನ್ನಿನ ಮಾನಕ ಸಂಸ್ಥೆಯಲ್ಲಿ ಲುಮ್ಮರ್ ಮತ್ತು ಕುರ್ಲ್‌ಬೌಮ್ ಬೋಲೋಮೀಟರನ್ನು ಇನ್ನಷ್ಟು ತಿದ್ದಿದರು. ಗ್ಯಾಸು ಮತ್ತು ವಿದ್ಯುತ್ ದೀಪಗಳ ಉದ್ಯಮಕ್ಕೆ ಬೆಳಕಿನ ಮಾನಕ ಬೇಕಿತ್ತು. ಅದಕ್ಕಾಗಿ ಕಾಯಿಸಿದ ಟೊಳ್ಳು ಗೂಡಿನಿಂದ ಹೊರಬರುವ ವಿಕಿರಣವನ್ನು ಅಳೆಯುತ್ತಿದ್ದರು. 1900ರ ಅಕ್ಟೋಬರ್ 7ರ ಭಾನುವಾರ, ಇದೇ ವಿಕಿರಣವನ್ನು ಅಳೆಯುತ್ತಿದ್ದ ಹೈನ್ರಿಕ್ ರೂಬೆನ್ಸ್ ಪತ್ನಿಯೊಡನೆ ಮ್ಯಾಕ್ಸ್ ಪ್ಲ್ಯಾಂಕರ ಮನೆಗೆ ಹೋಗಿದ್ದರು. ಉದ್ದ ಅಲೆಗಳಲ್ಲಿ ತಾವು ಅಳೆದದ್ದು ಹಳೆಯ ಸೂತ್ರಕ್ಕೆ ಹೊಂದುತ್ತಿಲ್ಲ ಎಂದು ಮಾತಿನ ನಡುವೆ ರೂಬೆನ್ಸ್ ಹೇಳಿದರು. ಅದೇ ಸಂಜೆ ಪ್ಲ್ಯಾಂಕ್ ಹೊಸ ಸೂತ್ರ ಹೊಂದಿಸಿದರು. ಡಿಸೆಂಬರಿನಲ್ಲಿ ಅದಕ್ಕೆ ಕಾರಣ ಹುಡುಕುತ್ತ ಶಕ್ತಿ ತುಣುಕು ತುಣುಕಾಗಿ ಬರುತ್ತದೆ ಎಂಬ ಮಾತಿಗೆ ತಲುಪಿದರು. ಕ್ವಾಂಟಂ ಭೌತಶಾಸ್ತ್ರದ ಹುಟ್ಟಿನ ಕತೆಯಲ್ಲಿ ಪ್ಲ್ಯಾಂಕರ ಹೆಸರಿಗೆ ಸಿಗುವ ಜಾಗದ ಕಾಲುಪಾಲಾದರೂ ಆ ಅಳತೆಗಾರರಿಗೆ ಸಿಗಬೇಕು.

ವಿಜ್ಞಾನ ಸಂಗ್ರಹಾಲಯಗಳ ಅಂಗಡಿಯಲ್ಲಿ ಇಂದಿಗೂ ಸಿಗುವ ಗಾಜಿನ ಬುರುಡೆಯೊಳಗಿನ ಗಿರಗಿಟ್ಟಲೆ ಈ ಕುಟುಂಬದ ಇನ್ನೊಂದು ಕೂಸು. ಥಾಲಿಯಂ ಧಾತುವನ್ನು ನಿರ್ವಾತದಲ್ಲಿ ತೂಗುವಾಗ ಶಾಖದಿಂದ ತಕ್ಕಡಿ ಏರುಪೇರಾಗುವುದನ್ನು ಕಂಡ ವಿಲಿಯಂ ಕ್ರೂಕ್ಸ್ 1870ರ ದಶಕದಲ್ಲಿ ಅದನ್ನು ಮಾಡಿದರು. ಒಂದು ಮಗ್ಗುಲು ಕಪ್ಪು, ಇನ್ನೊಂದು ಬಿಳಿ ಇರುವ ರೆಕ್ಕೆಗಳು ಬಿಸಿಲಿಗೆ ಸುತ್ತುತ್ತವೆ. ಬೆಳಕು ಒತ್ತುವುದರಿಂದ ಹೀಗಾಗುತ್ತದೆ ಎಂದು ಮೊದಲು ಅವರು ತಿಳಿದಿದ್ದರು. ಹಾಗಿದ್ದರೆ ಹೊಳೆಯುವ ಬಿಳಿ ಮಗ್ಗುಲಿಗೆ ಹೆಚ್ಚು ಒತ್ತಡ ಬೀಳಬೇಕು. ರೆಕ್ಕೆಗಳು ಸುತ್ತುವುದು ಅದಕ್ಕೆ ವಿರುದ್ಧ ದಿಕ್ಕಿಗೆ. ಬುರುಡೆಯೊಳಗೆ ಉಳಿದ ಅಷ್ಟಿಷ್ಟು ಗಾಳಿ ರೆಕ್ಕೆಯ ಅಂಚಿನ ಸುತ್ತ ಹರಿಯುವುದೇ ಕಾರಣವೆಂದು ರೆನಾಲ್ಡ್ಸ್ ಮತ್ತು ಮ್ಯಾಕ್ಸ್‌ವೆಲ್ 1879ರಲ್ಲಿ ವಿವರಿಸಿದರು. ವಿಕಿರಣ ಅಳೆಯುವ ಸಾಧನ ಎಂಬರ್ಥದ ರೇಡಿಯೋಮೀಟರ್ ಎಂಬ ಹೆಸರನ್ನು ಮೊದಲು ಹೊತ್ತದ್ದು ಈ ಗಿರಗಿಟ್ಟಲೆಯಾದರೂ, ಅಳತೆಯ ಸಾಧನವಾಗಿ ಅದು ನಿಲ್ಲಲಿಲ್ಲ.

ನಂಬಿಕೆಗೆ ಅರ್ಹವಾದ ಅಳತೆಯ ದಾರಿ ತೋರಿದವರು ಸ್ವೀಡನ್ನಿನ ಕ್ನೂಟ್ ಆಂಗ್‌ಸ್ಟ್ರಂ. 1893ರಲ್ಲಿ ಅವರು ಮಾಡಿದ ಉಪಕರಣದಲ್ಲಿ ಕಪ್ಪು ಬಳಿದ ಒಂದೇ ಅಳತೆಯ ಎರಡು ಲೋಹದ ಪಟ್ಟಿಗಳಿವೆ. ಒಂದು ಬಿಸಿಲಿನಲ್ಲಿ, ಇನ್ನೊಂದು ನೆರಳಿನಲ್ಲಿ. ನೆರಳಿನ ಪಟ್ಟಿಗೆ ವಿದ್ಯುತ್ ಹರಿಸಿ, ಎರಡೂ ಸಮ ಬಿಸಿಯಾಗುವವರೆಗೆ ಅದನ್ನು ಹೆಚ್ಚಿಸುತ್ತ ಹೋಗುವುದು. ಸಮವಾದ ಗಳಿಗೆಯಲ್ಲಿ ಎಷ್ಟು ವಿದ್ಯುತ್ ಹರಿಯುತ್ತಿದೆಯೋ ಅಷ್ಟೇ ಬಿಸಿಲು ಬೀಳುತ್ತಿದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಸಾಮಾನು, ಇನ್ನೊಂದರಲ್ಲಿ ತೂಕದ ಕಲ್ಲು ಇಟ್ಟು ತೂಗಿದ ಹಾಗೆ. ವಿದ್ಯುತ್ತನ್ನು ನಿಖರವಾಗಿ ಅಳೆಯಬಲ್ಲೆವಾದ್ದರಿಂದ ಬಿಸಿಲನ್ನೂ ಅಳೆಯಬಲ್ಲೆವು. ಎರಡು ಪಟ್ಟಿಗಳ ಬದಲು ಒಳಗೆಲ್ಲ ಕಪ್ಪಾದ ಶಂಕುವಿನಾಕಾರದ ಗೂಡು ಬಂದರೂ, ಇಂದಿನ ಶ್ರೇಷ್ಠ ಉಪಕರಣಗಳೆಲ್ಲ ದುಡಿಯುವುದು ಇದೇ ತತ್ವದ ಮೇಲೆ.

ಸ್ವಿಟ್ಜರ್‌ಲೆಂಡಿನ ದಾವೋಸ್ ಎಂದರೆ ಈಗ ಹಣವಂತರ ಸಮ್ಮೇಳನ ನೆನಪಾಗುತ್ತದೆ. 1907ರಲ್ಲಿ ಕಾರ್ಲ್ ಡೋರ್ನೊ ಅಲ್ಲೊಂದು ವಿಕಿರಣ ವೀಕ್ಷಣಾಲಯ ತೆರೆದರು. ಇಂದು ಅದು ಜಗತ್ತಿನ ವಿಕಿರಣ ಮಾಪನದ ಕೇಂದ್ರ. ಅಲ್ಲಿರುವ ಕೆಲವು ಗೂಡು-ರೇಡಿಯೋಮೀಟರುಗಳ ಗುಂಪೇ ಭೂಮಿಯ ಮೇಲಿನ ಬಿಸಿಲಿನ ಅಳತೆಗೆ ಮಾನಕ. 1959ರಿಂದ ಹೆಚ್ಚುಕಡಿಮೆ ಐದು ವರ್ಷಕ್ಕೊಮ್ಮೆ ನಾನಾ ದೇಶಗಳವರು ತಮ್ಮ ತಮ್ಮ ಉಪಕರಣ ಹೊತ್ತು ಅಲ್ಲಿಗೆ ಹೋಗುತ್ತಾರೆ. ಎಲ್ಲವನ್ನೂ ಸಾಲಾಗಿ ಒಂದೇ ಸೂರ್ಯನತ್ತ ತಿರುಗಿಸಿ ಒಂದೇ ಕ್ಷಣದ ಅಂಕಿಗಳನ್ನು ಹೋಲಿಸುತ್ತಾರೆ. ಮೋಡ ಬಂದರೆ ಕಾಯುತ್ತಾರೆ.

ಟಿಮ್‌ನ ಗೊಂದಲ ಬಗೆಹರಿದದ್ದೂ ಹೋಲಿಕೆಯಿಂದಲೇ. ಹಳೆಯ ಉಪಗ್ರಹ ಉಪಕರಣಗಳಲ್ಲಿ ಮುಂಬಾಗಿಲು ಅಗಲ. ಕ್ಷೇತ್ರಫಲವನ್ನು ನಿರ್ಧರಿಸುವ ಚಿಕ್ಕ ಕಿಂಡಿ ಒಳಗಡೆ, ಗೂಡಿನ ಬಾಯಿಯಲ್ಲಿ. ಅಂದರೆ ಅಳೆಯಬೇಕಾದ್ದಕ್ಕಿಂತ ಹೆಚ್ಚು ಬೆಳಕು ಒಳಗೆ ಬರುತ್ತಿತ್ತು. ಅದರಲ್ಲಿ ಒಂದಿಷ್ಟು ಅಂಚುಗಳಿಗೆ ಬಡಿದು ಚದುರಿ ಗೂಡಿಗೆ ನುಸುಳುತ್ತಿತ್ತು. ಟಿಮ್‌ನಲ್ಲಿ ಗ್ರೆಗ್ ಕಾಪ್ ಮತ್ತು ಸಂಗಡಿಗರು ಚಿಕ್ಕ ಕಿಂಡಿಯನ್ನೇ ಎಲ್ಲಕ್ಕಿಂತ ಮುಂದೆ ಇಟ್ಟಿದ್ದರು. ಕೊಲೊರಾಡೊದಲ್ಲಿ ನಿರ್ವಾತದ ಪರೀಕ್ಷಾಗೃಹ ಕಟ್ಟಿ, ಹಳೆಯ ಮಾದರಿಗಳನ್ನು ಅತಿಶೀತಲ ರೇಡಿಯೋಮೀಟರಿನ ಪಕ್ಕ ಇಟ್ಟು ಸೌರಮಟ್ಟದ ಬೆಳಕು ಹಾಯಿಸಿದಾಗ ನುಸುಳು ಬೆಳಕಿನ ಪ್ರಮಾಣ ಗೊತ್ತಾಯಿತು. ದ್ರವ ಹೀಲಿಯಂನ ತಂಪಿನಲ್ಲಿ ಕೆಲಸ ಮಾಡುವ ಈ ರೇಡಿಯೋಮೀಟರಿಗೆ ಬ್ರಿಟನ್ನಿನ ಕ್ವಿನ್ ಮತ್ತು ಮಾರ್ಟಿನ್ 1980ರ ದಶಕದಲ್ಲಿ ಭದ್ರ ಬುನಾದಿ ಹಾಕಿದ್ದರು. ಆ ತಂಪಿನಲ್ಲಿ ಸುತ್ತಲಿನ ಗೋಡೆಗಳೇ ಶಾಖ ಸೂಸುವ ಕಾಟವಿಲ್ಲ. ತಂತಿಗಳು ಅತಿವಾಹಕಗಳಾಗಿ ತಮ್ಮಷ್ಟಕ್ಕೆ ಕಾಯುವುದೂ ಇಲ್ಲ. ತಿದ್ದುಪಡಿಯ ನಂತರ ಹಳಬರೂ ಟಿಮ್‌ನ ಹತ್ತಿರಕ್ಕೆ ಬಂದರು. 2015ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 1,361ನ್ನು ಅಂಗೀಕರಿಸಿತು.

ಭಾರತದ ಮಟ್ಟಿಗೆ ಈ ಚರಿತ್ರೆಯ ಮಧ್ಯದಲ್ಲಿ ಇರುವವರು ಅಣ್ಣಾ ಮಣಿ. 1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯ ಸೇರಿ ವಜ್ರ, ಮಾಣಿಕ್ಯಗಳ ರೋಹಿತಗಳನ್ನು ದಾಖಲಿಸಿದರು. ವಜ್ರದ ಮಂಕು ಹೊಳಪು ಛಾಯಾಫಲಕದ ಮೇಲೆ ಮೂಡಲು 15ರಿಂದ 20 ಗಂಟೆ ಬೇಕಾಗುತ್ತಿತ್ತು. ಅವರು ರಾತ್ರಿಯಿಡೀ ಪ್ರಯೋಗಾಲಯದಲ್ಲೇ ಉಳಿಯುತ್ತಿದ್ದರು. ಸ್ನಾತಕೋತ್ತರ ಪದವಿ ಇಲ್ಲ ಎಂಬ ಕಾರಣಕ್ಕೆ ಅವರಿಗೆ ಪಿಎಚ್‌ಡಿ ಸಿಗಲಿಲ್ಲ. 1945ರಲ್ಲಿ ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತರು. 1948ರಲ್ಲಿ ಮರಳಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಮಳೆಮಾಪಕದಂಥ ಸಾಮಾನ್ಯ ಸಾಧನಗಳೂ ವಿದೇಶದಿಂದ ಬರುತ್ತಿದ್ದ ಕಾಲ. ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಮಾನಕಗೊಳಿಸಿ ಅವರು ಇಲ್ಲೇ ತಯಾರಿ ಶುರು ಮಾಡಿಸಿದರು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷಕ್ಕಾಗಿ ದೇಶದಲ್ಲಿ ಸೌರ ವಿಕಿರಣ ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ಖಚಿತ ನಿಲುವು. ಆ ಜಾಲದ ಮಾಹಿತಿಯಿಂದ 1980ರಲ್ಲಿ ಬಂದ ಭಾರತದ ಸೌರ ವಿಕಿರಣ ಕೈಪಿಡಿ ದೇಶದ ಸೌರವಿದ್ಯುತ್ ಎಂಜಿನಿಯರುಗಳಿಗೆ ಬಹುಕಾಲ ಆಧಾರಗ್ರಂಥವಾಗಿತ್ತು. ನಿವೃತ್ತಿಯ ನಂತರ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಗಾಳಿ ಮತ್ತು ಸೌರಶಕ್ತಿಯ ಮಾಪಕಗಳನ್ನು ತಯಾರಿಸುವ ಘಟಕವನ್ನೂ ಅದೇ ಊರಿನಲ್ಲಿ ತೆರೆದರು.

ಅಂಥ ಕೇಂದ್ರಗಳಲ್ಲಿ ದಶಕಗಟ್ಟಲೆ ಬರೆದಿಟ್ಟ ಅಂಕಿಗಳಿಂದ ಏನಾಯಿತು? 12 ಕೇಂದ್ರಗಳ 1981ರಿಂದ 2004ರವರೆಗಿನ ದಾಖಲೆಯನ್ನು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಜೋಡಿಸಿ ನೋಡಿದಾಗ, ಭಾರತದ ನೆಲಕ್ಕೆ ಬೀಳುವ ಬಿಸಿಲು ವರ್ಷಕ್ಕೆ ಚದರ ಮೀಟರಿಗೆ ಸುಮಾರು 0.86 ವಾಟ್‌ನಂತೆ ತಗ್ಗುತ್ತಿತ್ತು. ಸೂರ್ಯ ಮಂಕಾದದ್ದಲ್ಲ, ಹೊಗೆ, ದೂಳು, ಮೋಡಗಳ ಕೆಲಸ. ಅದಕ್ಕೂ ಮೊದಲು, 1999ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಹಳೆಯ ವಿದ್ಯಾರ್ಥಿ ವಿ. ರಾಮನಾಥನ್ ನೇತೃತ್ವದಲ್ಲಿ ಹಿಂದೂ ಮಹಾಸಾಗರದ ಮೇಲೆ ದೊಡ್ಡ ಅಭಿಯಾನ ನಡೆದಿತ್ತು. ಮಾಲ್ಡೀವ್ಸ್‌ನ ಕಾಶಿದೂ ದ್ವೀಪದ ರೇಡಿಯೋಮೀಟರುಗಳು ತೋರಿಸಿದ ಪ್ರಕಾರ, ಉಪಖಂಡದಿಂದ ತೇಲಿಹೋದ ಕಂದು ಮಬ್ಬು ಸಮುದ್ರದ ಮೇಲ್ಮೈಗೆ ತಪ್ಪಿಸುವ ಬಿಸಿಲು ವಾತಾವರಣದ ಮೇಲ್ತುದಿಯಲ್ಲಿ ಕಾಣುವ ವ್ಯತ್ಯಾಸದ ಸುಮಾರು ಮೂರು ಪಟ್ಟು. ಉಳಿದ ಶಕ್ತಿ ನಡುವಿನ ಗಾಳಿಯನ್ನೇ ಕಾಯಿಸುತ್ತಿತ್ತು. ಮೇಲಿನಿಂದ ನೋಡುವ ಉಪಗ್ರಹವೊಂದರಿಂದಲೇ ಇದು ತಿಳಿಯುತ್ತಿರಲಿಲ್ಲ.

ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನ ಸುಮಾರು 13,000 ಎಕರೆಯಲ್ಲಿ ಹರಡಿದೆ. ಇಂಥ ಕಡೆ ಫಲಕಗಳ ಸಾಲಿನ ನಡುವೆ ಅಲ್ಲಲ್ಲಿ ಅಂಗೈಯಗಲದ ಪೈರನೋಮೀಟರ್ ಕೂತಿರುತ್ತದೆ. ಒಂದರೊಳಗೊಂದು ಎರಡು ಗಾಜಿನ ಗುಮ್ಮಟ, ಅದರಡಿ ಕಪ್ಪು ಬಿಲ್ಲೆ, ಬಿಲ್ಲೆಯ ಕೆಳಗೆ ಥರ್ಮೋಪೈಲ್. ಪಕ್ಕದಲ್ಲಿ ಮಟ್ಟ ನೋಡುವ ನೀರ್ಗುಳ್ಳೆ, ತೇವ ಹೀರುವ ಸಿಲಿಕಾ ಹರಳುಗಳ ಡಬ್ಬಿ. ನಡುಮಧ್ಯಾಹ್ನದ ಪೂರ್ತಿ ಬಿಸಿಲಿಗೆ ಅದು ಕೊಡುವುದು ಹತ್ತು ಮಿಲಿವೋಲ್ಟಿನಷ್ಟು ವಿದ್ಯುತ್ತು. ಶುಭ್ರವಾದ ರಾತ್ರಿಯಲ್ಲಿ ಅದರ ಅಂಕಿ ನೋಡಿದರೆ ಸೊನ್ನೆಯೂ ಅಲ್ಲ, ಮೈನಸ್ ಎರಡೋ ಮೂರೋ ವಾಟ್ ಇರುತ್ತದೆ. ಗುಮ್ಮಟದ ಗಾಜು ತಣ್ಣನೆಯ ಆಕಾಶಕ್ಕೆ ಶಾಖ ಸೂಸಿ ಒಳಗಿನ ಬಿಲ್ಲೆಗಿಂತ ತಣ್ಣಗಾಗುತ್ತದೆ. ಬಿಲ್ಲೆ ಗಾಜಿಗೆ ಶಾಖ ಕಳೆದುಕೊಳ್ಳುತ್ತದೆ. ಹಗಲಿನಲ್ಲೂ ಈ ಸೋರಿಕೆ ಇದ್ದೇ ಇರುತ್ತದೆ, ಬಿಸಿಲಿನಡಿ ಕಾಣುವುದಿಲ್ಲ ಅಷ್ಟೇ.

ಸ್ಥಾವರ ಸರಿಯಾಗಿ ದುಡಿಯುತ್ತಿದೆಯೇ ಎಂದು ತಿಳಿಯುವುದು ಬಿದ್ದ ಬಿಸಿಲಿಗೆ ಹುಟ್ಟಿದ ವಿದ್ಯುತ್ತನ್ನು ಹೋಲಿಸಿ. ಗುಮ್ಮಟದ ಮೇಲೆ ದೂಳು ಕೂತರೆ, ಹಕ್ಕಿ ಹಿಕ್ಕೆ ಹಾಕಿದರೆ ಬಿಸಿಲೇ ಕಡಿಮೆ ಎಂಬ ಅಂಕಿ ಬರುತ್ತದೆ. ಕೊಳೆಯಾದ ಫಲಕಗಳೂ ಆಗ ಚೆನ್ನಾಗಿ ದುಡಿಯುವಂತೆ ಕಾಣುತ್ತವೆ. 2,050 ಮೆಗಾವಾಟಿನ ಉದ್ಯಾನದಲ್ಲಿ ಶೇಕಡಾ 1ರ ತಪ್ಪು ಎಂದರೆ 20 ಮೆಗಾವಾಟ್. ದಿನವೂ ಒಂದು ಬಟ್ಟೆಯಿಂದ ಒರೆಸುವ, ಎರಡು ವರ್ಷಕ್ಕೊಮ್ಮೆ ಕಳಚಿ ಮಾನಕದೊಂದಿಗೆ ಹೋಲಿಸಿ ತರುವ ಕೆಲಸವನ್ನು ಗುತ್ತಿಗೆಯ ಕೊನೆಯ ಸಾಲಿಗೆ ತಳ್ಳುವುದು ಸಲ್ಲದು. ಸೌರಶಕ್ತಿಯಲ್ಲಿ ಇಷ್ಟು ಹಣ ತೊಡಗಿಸಿರುವ ರಾಜ್ಯದಲ್ಲಿ ಅದನ್ನು ಮಾಡಬಲ್ಲ ಪ್ರಯೋಗಾಲಯಗಳು, ತರಬೇತಾದ ಕೈಗಳು ಇನ್ನೂ ಹೆಚ್ಚಬೇಕು.

ಆಸ್ಪತ್ರೆಯಲ್ಲಿ ಇದೇ ಅಸಡ್ಡೆ ಇನ್ನೂ ದುಬಾರಿ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ವಾರ್ಡ್ ದಿನತುಂಬದ ಕೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಕಾಮಾಲೆಯಿದ್ದ ಒಂದು ಮಗುವಿನ ಮೈಯ ಹಳದಿ ಬಣ್ಣ, ಬಟ್ಟೆ ಮುಚ್ಚಿದ್ದ ಕಡೆ ಬಿಟ್ಟು ಉಳಿದೆಡೆ ತಗ್ಗಿತ್ತು. ನೀಲಿ ಬೆಳಕು ಚರ್ಮದಡಿಯ ಬಿಲಿರುಬಿನ್ನಿನ ಆಕಾರ ಬದಲಿಸಿ, ಮೈಯಿಂದ ಹೊರಹೋಗುವಂತೆ ಮಾಡುತ್ತದೆ. ಇಂದು ಜಿಲ್ಲಾ ಆಸ್ಪತ್ರೆಗಳ ನವಜಾತ ಶಿಶು ವಿಭಾಗದಲ್ಲೆಲ್ಲ ಕಾಣುವ ನೀಲಿ ದೀಪದ ಚಿಕಿತ್ಸೆ ಹುಟ್ಟಿದ್ದು ಹೀಗೆ. ತೀವ್ರ ಚಿಕಿತ್ಸೆಗೆ 460ರಿಂದ 490 ನ್ಯಾನೋಮೀಟರ್ ಅಲೆಗಳ ಪಟ್ಟಿಯಲ್ಲಿ ಚದರ ಸೆಂಟಿಮೀಟರಿಗೆ, ಪ್ರತಿ ನ್ಯಾನೋಮೀಟರಿಗೆ ಕನಿಷ್ಠ 30 ಮೈಕ್ರೋವಾಟ್ ಬೀಳಬೇಕು. ದೀಪಗಳು ಹಳತಾದಂತೆ, ತೊಟ್ಟಿಲಿನಿಂದ ದೂರ ಸರಿದಂತೆ ಇದು ಇಳಿಯುತ್ತದೆ. ಕಣ್ಣಿಗೆ ಮಾತ್ರ ದೀಪ ಉರಿಯುತ್ತಲೇ ಇರುತ್ತದೆ. 460 ನ್ಯಾನೋಮೀಟರಿನ ನೀಲಿಗೆ ಮನುಷ್ಯನ ಕಣ್ಣು ಹಳದಿಹಸಿರಿಗೆ ಸ್ಪಂದಿಸುವುದರ ಶೇಕಡಾ 6ರಷ್ಟು ಮಾತ್ರ ಸ್ಪಂದಿಸುತ್ತದೆ. ಕಣ್ಣನ್ನೇ ಅನುಕರಿಸುವ ಲಕ್ಸ್ ಮೀಟರಿನಿಂದಲೂ ಇಲ್ಲಿ ಪ್ರಯೋಜನವಿಲ್ಲ. ಈ ಪಟ್ಟಿಗೆಂದೇ ಮಾಡಿದ ಅಂಗೈ ಗಾತ್ರದ ರೇಡಿಯೋಮೀಟರನ್ನು ಮಗು ಮಲಗುವ ಜಾಗದಲ್ಲೇ ಇಟ್ಟು ನೋಡಬೇಕು. ಬಿಲಿರುಬಿನ್ ಮಿತಿ ಮೀರಿದರೆ ಮಿದುಳಿಗೆ ಆಗುವ ಹಾನಿ ಸರಿಪಡಿಸಲಾಗದ್ದು. ದೀಪ ಇದ್ದ ಕಡೆಯಲ್ಲೆಲ್ಲ ಮಾಪಕವೂ ಇರಲೇಬೇಕು.

ಕೊರೊನಾ ಕಾಲದಲ್ಲಿ ಅಂಗಡಿಬಾಗಿಲಿನಲ್ಲಿ ಹಣೆಗೆ ಹಿಡಿಯುತ್ತಿದ್ದ ‘ಗನ್’ ಕೂಡ ಥರ್ಮೋಪೈಲೇ. ಸಿಲಿಕಾನ್ ಚಿಪ್ಪಿನ ಮೇಲೆ ಕೊರೆದದ್ದು. ಮೈಯಿಂದ ಸದಾ ಸೂಸುವ, ಸುಮಾರು 9 ಮೈಕ್ರಾನ್ ಉದ್ದದ ಅಲೆಗಳಲ್ಲಿ ಹೆಚ್ಚು ತೀವ್ರವಾಗಿರುವ ವಿಕಿರಣವನ್ನು ಅದು ಅಳೆಯುತ್ತದೆ. ಬೆವರಿದ ಹಣೆ, ಬಿಸಿಲಿನಲ್ಲಿ ನಡೆದು ಬಂದ ಹಣೆ ಅದಕ್ಕೆ ಬೇರೆಯೇ ಜ್ವರ ಹೇಳುತ್ತವೆ. ಉಕ್ಕಿನ ಕುಲುಮೆಯ ಪೈರೋಮೀಟರಿನ ತತ್ವವೂ ಇದೇ. ಓಝೋನ್ ಪದರವನ್ನು ಅಳೆಯುವುದೂ ವಿಕಿರಣದಿಂದಲೇ: ಆಕ್ಸ್‌ಫರ್ಡಿನ ಡಾಬ್ಸನ್ 1920ರ ದಶಕದಲ್ಲಿ ಎರಡು ನೇರಳಾತೀತ ಅಲೆಗಳ ತೀವ್ರತೆಯನ್ನು ಹೋಲಿಸಿ ಓಝೋನಿನ ಪ್ರಮಾಣ ಹೇಳುವ ಯಂತ್ರ ಮಾಡಿದರು, ಮೊದಮೊದಲ ಯಂತ್ರಗಳಲ್ಲಿ ಒಂದು ಕೊಡೈಕೆನಾಲಿಗೆ ಬಂದಿತ್ತು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಝೋನ್ ರಂಧ್ರ ಪತ್ತೆಯಾದದ್ದು ಅದೇ ಬಗೆಯ ಯಂತ್ರದಿಂದ.

ಎಲ್ಲಕ್ಕಿಂತ ಕಷ್ಟದ ಲೆಕ್ಕ ಭೂಮಿಯ ಜಮಾಖರ್ಚು. ಭೂಮಿ ಗೋಳವಾದ್ದರಿಂದ 1,361 ವಾಟ್ ಹಂಚಿಹೋಗಿ ಸರಾಸರಿ 340 ಆಗುತ್ತದೆ; ಅದರಲ್ಲಿ ಸುಮಾರು 100 ಪ್ರತಿಫಲಿಸಿ ವಾಪಸು ಹೋಗುತ್ತದೆ, ಉಳಿದ 240ರಷ್ಟು ಅವಕೆಂಪಾಗಿ ಹೊರಡಬೇಕು. ಹೊರಡದೆ ಉಳಿದದ್ದು ಭೂಮಿಯನ್ನು ಕಾಯಿಸುತ್ತದೆ. 1959ರಲ್ಲಿ ವೆರ್ನರ್ ಸುವೋಮಿ ಎಕ್ಸ್‌ಪ್ಲೋರರ್-7 ಉಪಗ್ರಹದಲ್ಲಿ ಇದನ್ನು ಅಳೆಯಲು ಮೊದಲಿಟ್ಟರು. ಭಾರತ-ಫ್ರಾನ್ಸ್ ಜೊತೆಯಾಗಿ 2011ರ ಅಕ್ಟೋಬರಿನಲ್ಲಿ ಹಾರಿಸಿದ ಮೇಘಾ-ಟ್ರಾಪಿಕ್ಸ್ ಉಪಗ್ರಹದ ‘ಸ್ಕಾರಾಬ್’ ಉಷ್ಣವಲಯದ ಮೇಲೆ ಇದೇ ಕೆಲಸ ಮಾಡಿತು. ಅಮೆರಿಕದ ‘ಸೆರೆಸ್’ ಉಪಕರಣಗಳ ದಾಖಲೆಯ ಪ್ರಕಾರ 2005ರಿಂದ 2019ರ ನಡುವೆ ಭೂಮಿಯಲ್ಲಿ ಉಳಿಯುವ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗಿ ಚದರ ಮೀಟರಿಗೆ ಒಂದು ವಾಟ್ ದಾಟಿದೆ. ಆದರೆ ನೂರಾರು ವಾಟ್‌ಗಳಲ್ಲಿ ಒಂದು ವಾಟನ್ನು ನೇರವಾಗಿ ಹಿಡಿಯುವಷ್ಟು ನಿಖರತೆ ಸೆರೆಸ್‌ಗೂ ಇಲ್ಲ. ವರ್ಷದಿಂದ ವರ್ಷಕ್ಕೆ ಆದ ಬದಲಾವಣೆಯನ್ನು ಅದು ಚೆನ್ನಾಗಿ ಹೇಳುತ್ತದೆ. ಒಟ್ಟು ಮೊತ್ತವನ್ನು ಸಾಗರಗಳಲ್ಲಿರುವ ಆರ್ಗೋ ತೇಲುಗಳು ಅಳೆದ ನೀರಿನ ಬಿಸಿಗೆ ಹೊಂದಿಸಿ ನಿಗದಿ ಮಾಡುತ್ತಾರೆ. ಉಪಕರಣ ಸೂಕ್ಷ್ಮವಾಗಿದ್ದೂ ಒಟ್ಟು ಅಂಕಿಗೆ ಖಾತರಿಯಿಲ್ಲದ ಲ್ಯಾಂಗ್ಲಿಯ ಕಾಲದ ಸಮಸ್ಯೆ ಇನ್ನೂ ಪೂರ್ತಿ ತೀರಿಲ್ಲ.

ತೀರಾ ಈಚಿನ ಉದಾಹರಣೆ ಕರ್ನಾಟಕದ್ದೇ, ಆದರೆ ಕತೆ ಶುರುವಾಗುವುದು ಬೇರೆಡೆ. 2018ರಲ್ಲಿ ‘ಎಡ್ಜಸ್’ ಎಂಬ ತಂಡ, ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿಟ್ಟ ರೇಡಿಯೋ ರೇಡಿಯೋಮೀಟರಿನಿಂದ, ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿದ ಕಾಲದ ಗುರುತು ಸಿಕ್ಕಿತೆಂದು ಪ್ರಕಟಿಸಿತು. 78 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಆಕಾಶದ ವಿಕಿರಣ ಅರ್ಧ ಕೆಲ್ವಿನ್‌ನಷ್ಟು ತಗ್ಗಿತ್ತು. ಸಿದ್ಧಾಂತ ನಿರೀಕ್ಷಿಸಿದ್ದಕ್ಕಿಂತ ಅದು ಬಹಳ ಆಳದ ತಗ್ಗು. ಹೊಸ ಭೌತಶಾಸ್ತ್ರವೇ ಬೇಕೆಂದು ಲೇಖನಗಳ ಮಳೆಯಾಯಿತು. ಆದರೆ ನಮ್ಮ ಆಕಾಶಗಂಗೆಯ ರೇಡಿಯೋ ಹೊಳಪು ಆ ಸಂಕೇತಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಆಂಟೆನಾದ ಕೆಳಗಿನ ನೆಲ ಪದರ ಪದರವಾಗಿದ್ದರೂ ಸಾಕು, ಅದರ ಪ್ರತಿಫಲನವೇ ಸಂಕೇತದಂತೆ ಕಾಣಬಹುದು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ತಂಡ ತನ್ನ ‘ಸಾರಸ್-3’ ರೇಡಿಯೋಮೀಟರನ್ನು ನೆಲದಿಂದಲೇ ಎತ್ತಿ ನೀರಿಗಿಳಿಸಿತು. 2020ರ ಮೊದಲ ತಿಂಗಳುಗಳಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ಅದರ ಆಂಟೆನಾ ತೆಪ್ಪದ ಮೇಲೆ ತೇಲಿತು. ನೀರು ಮೇಲಿಂದ ಕೆಳಗೆ ಒಂದೇ ಸಮ. ಆಂಟೆನಾದ ನಡವಳಿಕೆಯನ್ನು ಲೆಕ್ಕದಿಂದ ಮುಂಚಿತವಾಗಿ ಹೇಳಬಹುದು. ಜನವಸತಿಯಿಂದ ದೂರವಿದ್ದರೆ ಎಫ್.ಎಂ. ಕೇಂದ್ರಗಳ ಹಾವಳಿಯೂ ಕಡಿಮೆ. 2022ರ ಫೆಬ್ರವರಿಯಲ್ಲಿ ಫಲಿತಾಂಶ ಬಂತು: ಎಡ್ಜಸ್ ಹೇಳಿದ ಆಕಾರದ ತಗ್ಗು ಸಾರಸ್‌ನ ದಾಖಲೆಯಲ್ಲಿಲ್ಲ, ಶೇಕಡಾ 95.3ರ ವಿಶ್ವಾಸದಲ್ಲಿ ಅದನ್ನು ತಳ್ಳಿಹಾಕಬಹುದು.

ಇದರಿಂದ ಎಡ್ಜಸ್ ತಂಡದ ಶ್ರಮ ವ್ಯರ್ಥವಾಗಲಿಲ್ಲ. ಅವರೂ ಉಪಕರಣವನ್ನು ತಿದ್ದಿ ಮತ್ತೆ ಅಳೆಯುತ್ತಿದ್ದಾರೆ. ನಿಜವಾದ ಸಂಕೇತ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ರಾಮನ್ ಸಂಸ್ಥೆಯವರ ಮುಂದಿನ ಪ್ರಸ್ತಾವದ ಹೆಸರು ‘ಪ್ರತ್ಯುಷ್’: ಚಂದ್ರನ ಸುತ್ತ ತಿರುಗುತ್ತ, ಅದರ ಆಚೆ ಮಗ್ಗುಲಲ್ಲಿರುವಾಗ ಅಳೆಯುವ ರೇಡಿಯೋಮೀಟರ್. ಇಸ್ರೊದ ನೆರವಿನಿಂದ ಅದರ ಪ್ರಯೋಗಾಲಯ ಮಾದರಿ ಸಿದ್ಧವಾಗಿದೆ. ಚಂದ್ರನ ಮರೆಯಲ್ಲಿ ಭೂಮಿಯ ಎಫ್.ಎಂ. ತಲುಪದು, ಕೆಳಗೆ ನೆಲವಿಲ್ಲ, ಮೇಲೆ ಅಯಾನುಗೋಳವಿಲ್ಲ. ಉಳಿಯುವುದು ಉಪಕರಣ ತಾನೇ ಹುಟ್ಟಿಸುವ ಗದ್ದಲ. ಸಾವಿರಾರು ಪಟ್ಟು ಪ್ರಬಲವಾದ ಆಕಾಶಗಂಗೆಯ ಹೊಳಪಿನಲ್ಲಿ ಒಂದು ಸಣ್ಣ ತಗ್ಗನ್ನು ಕಾಣಬೇಕಾದರೆ ಆ ಗದ್ದಲದ ಆಕಾರವನ್ನು ಹಾರುವ ಮೊದಲೇ ತಿಳಿದಿರಬೇಕು.